ಸಗಾಯಮ್ಮ ಬರುವ ತನಕ

ಹೋದ ತಿಂಗಳು ಬಸ್ಸಿನಲ್ಲಿ ಆನೇಕಲ್ಲಿಗೆ ಹೋಗುತ್ತಿದ್ದೆ. ಚಂದಾಪುರ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸು ನಿಂತಿತು. ಬಡಾವಣೆಗೆ ಜಾಗ ಮಾಡಲು ರಸ್ತೆ ಪಕ್ಕದ ನೀಲಗಿರಿ ತೋಪು ಕಡಿಯುತ್ತಿದ್ದರು, ಒಂದು ಮರ ರಸ್ತೆಗೇ ಬಿದ್ದಿತ್ತು. ಕಿಟಕಿಯಿಂದ ಹಸಿ ಎಲೆಯ ವಾಸನೆ ಘಮ್ಮನೆ ಒಳಗೆ ಬಂತು. ನಾನು ಕಣ್ಣು ಒರೆಸಿಕೊಳ್ಳುವುದನ್ನು ಕಂಡು ಪಕ್ಕದ ಹುಡುಗಿ, "ಚೆನ್ನಾಗಿ ಎಳ್ಕೊಳ್ಳಿ ಆಂಟಿ, ನೆಗಡಿಗೆ ಒಳ್ಳೇದು" ಅಂದಳು. ನನಗೆ ನೆಗಡಿ ಇರಲಿಲ್ಲ. ಆ ತೋಪಿನ ಹಿಂದೆ ಒಂದು ಧ್ಯಾನಕೇಂದ್ರ ಇತ್ತು. ಹೊಸೂರು ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲದಲ್ಲಿ ಒಂದು ತಪಸ್ಸುಕಾಲ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ನಮ್ಮ ಮನೆಯವರ ಪಾಲಿಗೆ ಅಲ್ಲಿಯೇ ಮುಗಿಯಿತು.

ನಮ್ಮದು ಹೆಬ್ಬಗೋಡಿ ಪಕ್ಕದ ಹಳ್ಳಿ. ಅಜ್ಜನ ಅಜ್ಜನ ಕಾಲದಿಂದ ಯೇಸುಸ್ವಾಮಿಯ ಒಕ್ಕಲು. ಜ್ಞಾನಮ್ಮ ಅಂತ ಹೆಸರು ಹೇಳಿದರೆ ಹೊಸಬರು "ಹಿಂದೂನಾ" ಅನ್ನುತ್ತಾರೆ, ಕೊರಳಿನ ಶಿಲುಬೆಯ ಜಪಸರ ಕಂಡರೆ "ಓ, ತಮಿಳಾ" ಅನ್ನುತ್ತಾರೆ. ಎರಡೂ ಅಲ್ಲ ಕಣಪ್ಪ, ಮುದ್ದೆ ತಿಂದು ಬೆಳೆದ ಇಲ್ಲಿಯವಳೇ ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ. ನಮ್ಮ ರಾಗಿ ಹೊಲ ಇದ್ದ ಕಡೆ ಕಾರ್ಖಾನೆ ಬಂತು. ಹೊಲ ಕೊಟ್ಟವರ ಮನೆಯವರು ಅಂತ ನನಗೂ ನಮ್ಮ ಅಕ್ಕ ಲೂರ್ದಮ್ಮನಿಗೂ ಅದೇ ಕಾಂಪೌಂಡಿನೊಳಗೆ ಕೆಲಸ ಕೊಟ್ಟರು. ಬಾವಿ ಇದ್ದ ಜಾಗದಲ್ಲಿ ಕ್ಯಾಂಟೀನು. ನಮ್ಮಪ್ಪ ಸಾಯುವ ತನಕ ಅದನ್ನು ನೋಡಲು ಬರಲಿಲ್ಲ.

ನಮ್ಮ ಕೆಲಸ ಕಾಯಿಲ್ ಸುತ್ತುವುದು. ಕೂದಲಿನಷ್ಟು ಸಣ್ಣ ತಾಮ್ರದ ತಂತಿ ತಿರುಗುವ ಅಚ್ಚಿನ ಮೇಲೆ ಸಾಲು ಸಾಲಾಗಿ ಕೂರಬೇಕು. ಬೆರಳಲ್ಲಿ ತಂತಿಯನ್ನು ಒಂದೇ ಬಿಗಿಯಲ್ಲಿ ಹಿಡಿದಿರಬೇಕು. ನಡುವೆ ಬಿಟ್ಟರೆ ತಂತಿ ಸಡಿಲಾಗಿ ಅಷ್ಟು ಹೊತ್ತಿನ ಕೆಲಸವೆಲ್ಲ ಗುಜರಿಗೆ. ಆದ್ದರಿಂದ ಶಿಫ್ಟು ಮುಗಿದ ಸೈರನ್ ಕೂಗಿದರೂ ರಿಲೀವರ್, ಅಂದರೆ ಮುಂದಿನ ಶಿಫ್ಟಿನವಳು, ಬಂದು ಪಕ್ಕದಲ್ಲಿ ನಿಂತು, ಹೆಗಲು ಮುಟ್ಟಿ, "ಬಿಡು, ನಾನ್ ಹಿಡ್ಕೊಂಡೆ" ಅನ್ನುವವರೆಗೆ ಯಾರೂ ಏಳುವಂತಿರಲಿಲ್ಲ. ಬಸುರಿ ಹೆಂಗಸರೂ ಹಾಗೇ ಕೂತಿರುತ್ತಿದ್ದರು. ಅಕ್ಕನ ಮಿಷನ್ನೂ ನನ್ನ ಮಿಷನ್ನೂ ಒಂದೇ, ಶಿಫ್ಟು ಮಾತ್ರ ಬೇರೆ. ಎಷ್ಟೋ ವರ್ಷ ನಾವಿಬ್ಬರು ಅಕ್ಕತಂಗಿಯರು ದಿನಕ್ಕೊಮ್ಮೆ ಮಾತಾಡಿದ್ದು ಅಂದರೆ ಆ ಮೂರು ಮಾತು.

ಅಕ್ಕನ ಗಂಡ ಚೌರಪ್ಪ. ಭಾವ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಎರಕದ ಸಾಮಾನು ಉಜ್ಜಿ ನುಣುಪು ಮಾಡುವ ಕೆಲಸಕ್ಕಿದ್ದರು. ದೊಡ್ಡ ಗಂಟಲು, ದೊಡ್ಡ ನಗು. ಮನೆಗೆ ಬಂದಾಗ ಮುಖ, ಕಿವಿ, ರೆಪ್ಪೆಯ ಮೇಲೆಲ್ಲ ಬೂದು ಧೂಳು ಇರುತ್ತಿತ್ತು. "ನೋಡಮ್ಮಿ, ವಿಭೂತಿ ಬುಧವಾರ ನಿಮ್ಗೆ ವರ್ಷಕ್ಕೊಂದ್ಸಲ, ನಂಗೆ ದಿನಾಲೂ" ಅನ್ನುತ್ತಿದ್ದರು, ತಪಸ್ಸುಕಾಲದ ಮೊದಲ ದಿನ ಹಣೆಗೆ ಬೂದಿ ಹಚ್ಚಿಸಿಕೊಳ್ಳುವುದನ್ನು ನೆನೆದು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವರಿಬ್ಬರೂ ಅತ್ತಿದ್ದನ್ನು ನಾನು ನೋಡಿಲ್ಲ. ಸಂಜೆ ಬಾಗಿಲ ಮೆಟ್ಟಿಲ ಮೇಲೆ ಇಬ್ಬರೂ ಕೂತು ಒಂದೇ ಲೋಟದಲ್ಲಿ ಟೀ ಕುಡಿಯುತ್ತಿದ್ದರು, ಮನೆಯಲ್ಲಿ ಇನ್ನೊಂದು ಲೋಟ ಇಲ್ಲವೇನೋ ಅನ್ನುವ ಹಾಗೆ.

ಆ ಧ್ಯಾನಕೇಂದ್ರದಲ್ಲಿ ನಡೆಯುವ ಧ್ಯಾನಕೂಟಕ್ಕೆ ನನ್ನನ್ನು ಮೊದಲು ಎಳೆದುಕೊಂಡು ಹೋದವಳು ಅಕ್ಕ. ತಪಸ್ಸುಕಾಲದ ಒಂದು ಶುಕ್ರವಾರ ಹೋಗಿ ಭಾನುವಾರ ವಾಪಸ್ಸು. ಹೋದ ಕೂಡಲೇ ಫೋನು ತೆಗೆದುಕೊಂಡು ಆಫೀಸಿನ ಬೀರುವಿನಲ್ಲಿ ಇಡುತ್ತಿದ್ದರು. ಆಮೇಲೆ ಮೌನ. ಉಪದೇಶ, ಪಾಪನಿವೇದನೆ, ಹಾಡು, ಮತ್ತೆ ಮೌನ. ಬಂದವರಲ್ಲಿ ಮುಕ್ಕಾಲು ಪಾಲು ನಮ್ಮಂಥ ಶಿಫ್ಟಿನ ಹೆಂಗಸರೇ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಅರ್ಧ ಜನ ಬರುತ್ತಿದ್ದದ್ದು ನಿದ್ದೆಗೆ. ಪಾದ್ರಿ ಸ್ವಾಮಿಗಳು ಮೈಕಿನಲ್ಲಿ ಸ್ವರ್ಗದ ಶಾಂತಿ ವರ್ಣಿಸುತ್ತಿದ್ದರೆ ಹಿಂದಿನ ಸಾಲುಗಳು ಆಗಲೇ ಅಲ್ಲಿಗೆ ತಲುಪಿ ಗೊರಕೆ ಹೊಡೆಯುತ್ತಿದ್ದವು. ಯಾರೂ ಎಬ್ಬಿಸುತ್ತಿರಲಿಲ್ಲ. ಊಟಕ್ಕೆ ಕೂತರೆ ಬೇರೆಯವರು ಬಡಿಸುತ್ತಿದ್ದರು. ನನ್ನ ತಟ್ಟೆಗೆ ಇನ್ನೊಬ್ಬರು ಅನ್ನ ಹಾಕಿದ್ದು ಮದುವೆಯಾದ ಮೇಲೆ ಅದೇ ಮೊದಲು, ಹುಳಿಯಲ್ಲಿ ಉಪ್ಪಿರಲಿಲ್ಲ, ಆದರೂ ಅಳು ಬಂತು. ಭಾನುವಾರ ಮನೆಗೆ ಬರುವಾಗ ಮೈ ಹಗುರಾಗಿರುತ್ತಿತ್ತು. ಅಕ್ಕ ಮಾತ್ರ ನಿದ್ದೆ ಮಾಡಿದವಳಲ್ಲ. ಅವಳು ಅಲ್ಲಿಗೆ ಕೆಲಸಕ್ಕೆ ಹೋದ ಹಾಗೆ ಹೋಗುತ್ತಿದ್ದಳು, ನೆಟ್ಟಗೆ ಕೂತು ಬೇಡುತ್ತಿದ್ದಳು. ಭಾವ ಚುಡಾಯಿಸುತ್ತಿದ್ದರು: "ಮೂರು ದಿನ ಬಾಯ್ ಮುಚ್ಕೊಂಡಿದ್ದು ಬರ್ತಾಳೆ, ಬಂದ್ಮೇಲೆ ಬಡ್ಡಿ ಸಮೇತ ಆಡ್ತಾಳೆ."

ಆ ವರ್ಷ ಭಾವನಿಗೆ ಕೆಮ್ಮು ಚಳಿಗಾಲದಲ್ಲಿ ಶುರುವಾಗಿ ನಿಲ್ಲಲೇ ಇಲ್ಲ. ಮೊದಲು ಕಷಾಯ, ಆಮೇಲೆ ಬೀದಿ ಕೊನೆಯ ಡಾಕ್ಟರು, ಆಮೇಲೆ ಇನ್ನೊಬ್ಬರು. ಮೆಟ್ಟಿಲು ಹತ್ತಲಾರದಾದರು. ಆಮೇಲೆ ಮಲಗಲಾರದಾದರು, ದಿಂಬಿಗೊರಗಿ ಕೂತೇ ಬೆಳಗು ಮಾಡುತ್ತಿದ್ದರು. ವಿಭೂತಿ ಬುಧವಾರದ ಹೊತ್ತಿಗೆ ನಗರದೊಳಗಿನ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಡಾಕ್ಟರಮ್ಮ ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಕಬ್ಬಿಣದ ಧೂಳು, ಮರಳಿನ ಧೂಳು ಸೇರಿ ಪುಪ್ಪುಸ ಗಟ್ಟಿಯಾಗಿಬಿಟ್ಟಿದೆ, ಅದನ್ನು ಮತ್ತೆ ಮೆತ್ತಗೆ ಮಾಡುವ ಔಷಧಿ ಇಲ್ಲ ಅಂದರು. "ಜೊತೇಲಿರಿ ಅಮ್ಮ, ಅಷ್ಟೇ ಮಾಡಬಹುದಾದ್ದು" ಅಂತ ಅಕ್ಕನ ಕೈ ಹಿಡಿದುಕೊಂಡು ಹೇಳಿದರು. ಅಕ್ಕ ಕೈ ಬಿಡಿಸಿಕೊಂಡಳು. ಸುಮ್ಮನೆ ಜೊತೆಯಲ್ಲಿರುವುದೂ ಒಂದು ಕೆಲಸ ಅಂತ ಅವಳಿಗೆ ಯಾರೂ ಕಲಿಸಿರಲಿಲ್ಲ.

ಆ ಬೇಸಗೆಯಲ್ಲಿ ಹೊಸೂರು ರಸ್ತೆ ರಸ್ತೆಯಾಗಿ ಉಳಿದಿರಲಿಲ್ಲ. ನಡುಮಧ್ಯೆ ಉದ್ದಕ್ಕೂ ಅಗೆದು ಕಂಬ ನಿಲ್ಲಿಸುತ್ತಿದ್ದರು. ಎರಡು ಕಡೆ ತಗಡಿನ ಬೇಲಿ, ಅದರ ಪಕ್ಕ ಉಳಿದ ಸಂದಿಯಲ್ಲಿ ಲಾರಿ, ಕಂಪನಿ ಬಸ್ಸು, ಆಟೋ ಎಲ್ಲ. ಹೆಬ್ಬಗೋಡಿಯಿಂದ ಆಸ್ಪತ್ರೆಗೆ ಹೋಗಿ ಬರುವುದರಲ್ಲೇ ಮುಕ್ಕಾಲು ದಿನ ಕಳೆಯುತ್ತಿತ್ತು. ಕೂದಲು, ಸೀರೆ, ಬುತ್ತಿಯ ಅನ್ನ, ಎಲ್ಲಕ್ಕೂ ಸಿಮೆಂಟಿನ ಧೂಳು. ಭಾವನಿಗೆ ಧೂಳಿನಿಂದ ಬಂದ ರೋಗ, ಅವರನ್ನು ನೋಡಲು ಧೂಳು ಕುಡಿದುಕೊಂಡು ಹೋಗಬೇಕು. ದೇವರಿಗೆ ತಮಾಷೆ ಜಾಸ್ತಿಯಾಗಿದೆ ಅಂತ ನಾನು ಗಟ್ಟಿಯಾಗಿಯೇ ಅಂದೆ. ಅಕ್ಕ ನನ್ನ ಬಾಯಿ ಮುಚ್ಚಿಸಿದಳು.

ಧ್ಯಾನಕೂಟ ಹತ್ತಿರವಾದಾಗ ಭಾವ ಅವಳಿಗೆ ಒಂದೇ ಮಾತು ಕೇಳಿದ್ದು. ನಾನು ಅಲ್ಲೇ ಕಿತ್ತಳೆ ಸುಲಿಯುತ್ತಿದ್ದೆ. ಬಾಯಿಗೆ ಕಟ್ಟಿದ್ದ ಗಾಳಿಯ ಕೊಳವೆ ಸರಿಸಿ, ಒಂದೊಂದೇ ಪದ ಎಳೆದು ಹೇಳಿದರು: "ಲೂರ್ದು, ನಾ ಓಗೋ ಒತ್ತಿಗೆ ನೀನು ಪಕ್ಕದಾಗಿರ್ಬೇಕು. ಒಬ್ನೇ ಓಗೋಕೆ ಭಯ ಕಣೆ."

ಆ ದೊಡ್ಡ ಗಂಟಲಿನ ಮನುಷ್ಯನ ಬಾಯಲ್ಲಿ ಭಯ ಅನ್ನುವ ಮಾತು ನಾನು ಕೇಳಿದ್ದು ಆಗಲೇ. ಅಕ್ಕ, "ಎಲ್ಲಿಗೂ ಓಗಲ್ಲ ನೀವು. ಸುಮ್ನಿರಿ" ಅಂದಳು. ಕೊಳವೆಯನ್ನು ಮತ್ತೆ ಸರಿಯಾಗಿ ಕೂರಿಸಿದಳು.

ಹಿಂದಿನ ವರ್ಷದ ಕೂಟದಲ್ಲಿ ಒಬ್ಬ ಹೆಂಗಸು ಮೈಕಿನ ಮುಂದೆ ನಿಂತು ಸಾಕ್ಷಿ ಹೇಳಿದ್ದಳು. ಅವಳ ತಮ್ಮನಿಗೆ ಉಸಿರಿನ ಕಾಯಿಲೆ, ಡಾಕ್ಟರು ಕೈಬಿಟ್ಟಿದ್ದರಂತೆ, ಪರಮಪ್ರಸಾದದ ಮುಂದೆ, ಅಂದರೆ ಯೇಸುಸ್ವಾಮಿಯೇ ಅಂತ ನಾವು ನಂಬುವ ರೊಟ್ಟಿಯ ಮುಂದೆ, ಎಡೆಬಿಡದ ಸರಪಳಿ ಪ್ರಾರ್ಥನೆ ಮಾಡಿಸಿದರಂತೆ, ಎದ್ದು ನಡೆದನಂತೆ. ಅಕ್ಕ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಈ ಸಲ ಭಾವನ ಹೆಸರಿನಲ್ಲಿ ಸರಪಳಿ ಪ್ರಾರ್ಥನೆ ತಾನೇ ಹೊತ್ತುಕೊಂಡಳು. ಶುಕ್ರವಾರದಿಂದ ಭಾನುವಾರದವರೆಗೆ ಒಬ್ಬರಾದ ಮೇಲೊಬ್ಬರು ಮಂಡಿಯೂರಿರಬೇಕು, ಒಂದು ಕ್ಷಣವೂ ಆ ಜಾಗ ಖಾಲಿ ಬೀಳಬಾರದು. ಕೂಟಕ್ಕೆ ಬಂದವರ ಜೊತೆ, ರಜೆ ಸಿಗದವರು ಶಿಫ್ಟು ಮುಗಿಸಿ ನೇರ ಅಲ್ಲಿಗೆ ಬಂದು ತಮ್ಮ ಸರದಿ ಹಿಡಿಯುವುದು ಅಂತ ಏರ್ಪಾಡು. ಕಾರ್ಖಾನೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ. ಉಪವಾಸ ಇರಬೇಕು, ಪಾಪನಿವೇದನೆ ಆಗಿರಬೇಕು, ಮುಂದಿನವಳು ಬಂದು ಹೆಗಲು ಮುಟ್ಟುವವರೆಗೆ ಏಳಬಾರದು. ಕೊನೆಯ ಮಾತನ್ನು ಯಾವ ಸ್ವಾಮಿಗಳೂ ಹೇಳಿಕೊಟ್ಟಿದ್ದಲ್ಲ. ಅದು ಕಾಯಿಲ್ ವಿಭಾಗದ ಕಾನೂನು.

ಆಸ್ಪತ್ರೆಯ ವರಾಂಡದಲ್ಲಿ ನಾನು ಅವಳ ಜೊತೆ ಜಗಳ ಆಡಿದೆ.

"ಅವ್ರು ನಿನ್ನ ಪಕ್ಕದಲ್ಲಿರು ಅಂದ್ರು ಕಣಕ್ಕ. ಬೇರೇನೂ ಕೇಳ್ಲಿಲ್ಲ."

"ಕೈ ಹಿಡ್ಕೊಂಡು ಕೂತ್ರೆ ಉಳಿಯಲ್ಲ ಜ್ಞಾನ. ಮಂಡಿ ಊರಿದ್ರೆ ಉಳೀಬೋದು."

"ಉಳೀದಿದ್ರೆ?"

ಅವಳು ನನ್ನ ಮುಖ ನೋಡಿದಳು. "ನೀನು ಅಂಗನ್ನಬ್ಯಾಡ. ನೀನೊಬ್ಳಾದ್ರೂ ಅನ್ನಬ್ಯಾಡ" ಅಂದಳು. ಒಳಗೆ ಹೋಗಿ ಭಾವನ ಅಪ್ಪಣೆ ಕೇಳಿದಳು. ಅವರು ಸೂರು ನೋಡುತ್ತಾ, "ಓಗ್ಬಾ. ಕರೆದಾಗ ಮಾತ್ರ ಬಂದ್ಬಿಡು" ಅಂದರು. ಅವಳ ಮನಸ್ಸು ನೋಯಿಸಲಾರದೆ ಒಪ್ಪಿದ್ದು. ಅದು ನನಗೆ ಕಂಡಿತು, ಅವಳಿಗೆ ಕಾಣಲಿಲ್ಲ.

ಶುಕ್ರವಾರ ಹೇಗೋ ಕಳೆಯಿತು. ಶನಿವಾರ ಬೆಳಿಗ್ಗೆ ನಾವು ಗುಡಿ ಅನ್ನುವ ಊರ ಚರ್ಚಿನ ಸ್ವಾಮಿಗಳು ಬಂದು ಭಾವನ ಹಣೆಗೆ, ಅಂಗೈಗೆ ಕೊನೆಗಾಲದ ಎಣ್ಣೆ ಹಚ್ಚಿ ಜಪ ಹೇಳಿ ಹೋದರು. ಮಧ್ಯಾಹ್ನದ ಹೊತ್ತಿಗೆ ಭಾವನ ಉಗುರು ನೀಲಿ ತಿರುಗಿತು. ಡಾಕ್ಟರಮ್ಮ ಬಂದು ನೋಡಿ, "ಅವರ ಹೆಂಡತಿ ಎಲ್ಲಿ?" ಅಂದರು. ಭಾವನಿಗೆ ಪೂರ್ತಿ ಎಚ್ಚರ ಇತ್ತು. ನನ್ನ ಕಡೆ ತಿರುಗಿ, "ಕರೀ" ಅಂದರು. ಅಷ್ಟೇ.

ಧ್ಯಾನಕೇಂದ್ರದ ಆಫೀಸಿಗೆ ಫೋನು ಮಾಡಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಎಲ್ಲರೂ ಉಪದೇಶದಲ್ಲಿರುವ ಹೊತ್ತು. ಅಕ್ಕನ ಫೋನು ಬೀರುವಿನೊಳಗೆ. ನನ್ನ ಯಜಮಾನರು ಇನ್ನಾಸಪ್ಪ, "ನಾನ್ ಹೋಗ್ಬರ್ತೀನಿ" ಅಂದರು. ನೀವು ಹೋದರೆ ಅವಳು ಏಳುವುದಿಲ್ಲ ಅಂತ ಅವರನ್ನು ಭಾವನ ಪಕ್ಕ ಕೂರಿಸಿ, ಅವರ ಕೈಯನ್ನು ಭಾವನ ಕೈಯೊಳಗಿಟ್ಟು ನಾನೇ ಹೊರಟೆ. ಬೊಮ್ಮನಹಳ್ಳಿಯಿಂದ ಸಿಂಗಸಂದ್ರದವರೆಗೆ ಆಟೋ ಓಡಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಡ್ರೈವರು ಪಾಪ, "ಏನ್ಮಾಡ್ಲಿ ಅಕ್ಕ, ಹಾರೋಕಾಗಲ್ವಲ್ಲ" ಅಂದ. ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ದಾರಿ ಬಿಟ್ಟಿತು.

ಧ್ಯಾನಕೇಂದ್ರದ ಗೇಟಿನಲ್ಲಿ ಒಬ್ಬ ವಯಸ್ಸಾದ ಸಿಸ್ಟರ್ ಇದ್ದರು. ವಿಷಯ ಹೇಳಿದ ಕೂಡಲೇ ಮೌನ ಗಿವ್ನ ಎಲ್ಲ ಬಿಟ್ಟು ನನ್ನ ಕೈ ಹಿಡಿದುಕೊಂಡು ಓಡಿದರು. "ಅವಳ ಸರದಿ ಮುಗಿದು ಎಷ್ಟೋ ಹೊತ್ತಾಯ್ತಮ್ಮ. ಮುಂದಿನೋಳು ಬಂದಿಲ್ಲ. ನಾನು ಕೂತ್ಕೋತೀನಿ ಏಳು ಅಂದ್ರೆ ಕೇಳ್ಲಿಲ್ಲ. ನೀವು ಊಟ ಮಾಡಿದೀರಿ ಸಿಸ್ಟರ್ ಅಂದ್ಬಿಟ್ಲು" ಅಂದರು.

ಸಭಾಂಗಣದಿಂದ ಉಪದೇಶದ ಸದ್ದು ಬರುತ್ತಿತ್ತು. ಪ್ರಾರ್ಥನಾ ಮಂದಿರದಲ್ಲಿ ಅಕ್ಕ ಒಬ್ಬಳೇ ಇದ್ದಳು. ಬರೀ ನೆಲದ ಮೇಲೆ ಮಂಡಿ, ಬೆನ್ನು ನೆಟ್ಟಗೆ, ಜಪಸರ ಹಿಡಿದ ಕೈ ಎದೆಗೆ. ಪೀಠದ ಮೇಲೆ ಪರಮಪ್ರಸಾದ, ಎರಡು ಮೇಣದ ಬತ್ತಿ. ನಾನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಿವಿಯಲ್ಲಿ ಹೇಳಿದೆ:

"ಅಕ್ಕ, ಭಾವ ಕರೀತಾವ್ರೆ. ಏಳು."

ಅವಳು ತಿರುಗಲಿಲ್ಲ. "ಸಗಾಯಮ್ಮ ಬರ್ಲಿ."

ಸಗಾಯಮ್ಮ ನಮ್ಮದೇ ವಿಭಾಗದವಳು, ಬೆಳಗಿನ ಶಿಫ್ಟು ಮುಗಿಸಿ ಬರಬೇಕಾಗಿತ್ತು.

"ಅವ್ಳು ಬರೋವರ್ಗೂ ಭಾವ ಇರಲ್ಲ ಕಣಕ್ಕ. ಉಗುರೆಲ್ಲ ನೀಲಿಯಾಗದೆ. ನಿನ್ನೇ ಕೇಳ್ತಾವ್ರೆ."

"ಇನ್ನೂ ಮಾತಾಡ್ತಾವ್ರಲ್ಲ," ಅಂದಳು, ಅವಳ ಮುಖದಲ್ಲಿ ಬೆಳಕು ಬಂದ ಹಾಗಾಯಿತು. "ನೋಡ್ದಾ? ನಿನ್ನೆಯಿಂದ ಇಲ್ಲಿ ಯಾರೂ ಬಿಟ್ಟಿಲ್ಲ, ಅದಕ್ಕೇ ಉಸಿರು ಉಳ್ಕೊಂಡದೆ. ಈಗ ನಾನು ಬಿಟ್ರೆ ಅಷ್ಟೂ ಓಗ್ಬಿಡ್ತದೆ. ಅಷ್ಟು ಜನ ಸುತ್ತಿರೋದು ಜ್ಞಾನ, ಎಲ್ಲಾ ಸಡಿಲ ಆಗೋಗ್ತದೆ."

ಅವಳು ಕಾಯಿಲಿನ ಮಾತಾಡುತ್ತಿದ್ದಳು. ನಾನು ಅವಳ ರಟ್ಟೆ ಹಿಡಿದು ಎಳೆದೆ. ಕಲ್ಲು ಕಂಬ. ಅಳುತ್ತಾ ಬೈದೆ, ಕೈ ಮುಗಿದೆ. ಸಿಸ್ಟರ್ ಕೂಡ, "ದೇವರು ಸೂಪರ್‌ವೈಸರ್ ಅಲ್ಲಮ್ಮ, ಹೋಗು" ಅಂದರು. ಅವಳು ಬಾಗಿಲ ಕಡೆ ನೋಡುತ್ತಾ, "ಬಂದ್ಬಿಡ್ತಾಳೆ, ಈಗ ಬಂದ್ಬಿಡ್ತಾಳೆ" ಅನ್ನುತ್ತಲೇ ಇದ್ದಳು. ಹೋಗಲು ಅವಳಿಗೂ ಆಸೆಯಿತ್ತು. ಕಾಲು ಮಾತ್ರ ಏಳಲಿಲ್ಲ. ಹೀಗೆ ಎಷ್ಟು ಹೊತ್ತು ಹೋಯಿತೋ, ಕೊನೆಗೆ ನನಗೆ ತೋಚಿದ್ದು ಒಂದೇ.

"ನಾನ್ ಕೂತ್ಕೋತೀನಿ. ನೀನು ಏಳು."

"ನೀನು ಉಪಾಸ ಇಲ್ಲ."

"ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ. ತಿನ್ನೋಕೆ ಯಾರು ಬಿಟ್ರು?"

"ಪಾಪನಿವೇದನೆ ಮಾಡಿದೀಯಾ?"

"ಆಸ್ಪತ್ರೇಲಿ ಪಾಪ ಮಾಡೋಕೆ ಎಲ್ಲಿ ಪುರುಸೊತ್ತು ಅಕ್ಕ?"

ಇನ್ನೊಂದು ದಿನ ಆಗಿದ್ದರೆ ನಗುತ್ತಿದ್ದಳು. ಆಗ ನನ್ನ ಮುಖವನ್ನೇ ನೋಡಿದಳು. ನಾನು ಅವಳ ಹಿಂದೆ ಮಂಡಿಯೂರಿ, ಹೆಗಲು ಮುಟ್ಟಿ, "ಬಿಡು. ನಾನ್ ಹಿಡ್ಕೊಂಡೆ" ಅಂದೆ.

ಬಿಟ್ಟಳು. ಅಷ್ಟು ವರ್ಷದ ಅಭ್ಯಾಸ, ಆ ಮಾತು ಕಿವಿಗೆ ಬಿದ್ದ ಕೂಡಲೇ ಮೈ ತಾನಾಗಿ ಸಡಿಲವಾಯಿತು. ಜಪಸರ ನನ್ನ ಕೈಗೆ ಕೊಟ್ಟಳು, ಮಣಿಗಳು ಬೆವರಿನಿಂದ ಒದ್ದೆಯಾಗಿದ್ದವು. ಏಳಲು ಹೋಗಿ ಕಾಲು ಜೋಮು ಹಿಡಿದು ಬಿದ್ದಳು. ಸಿಸ್ಟರ್ ಎತ್ತಿ ನಿಲ್ಲಿಸಿದರು. ನನ್ನ ಫೋನು ಅವಳ ಕೈಗೆ ತುರುಕಿದೆ. ಆಟೋ ಗೇಟಿನಲ್ಲೇ ಕಾಯುತ್ತಿತ್ತು.

ಆಮೇಲೆ ನಡೆದದ್ದನ್ನು ಹೇಗೆ ಹೇಳಬೇಕೋ ನನಗೆ ಈಗಲೂ ತಿಳಿಯದು.

ಮೊದಲು ಸಿಟ್ಟು ಬಂತು. ಅಕ್ಕನ ಮೇಲೆ, ಆ ಸಾಕ್ಷಿ ಹೇಳಿದ ಹೆಂಗಸಿನ ಮೇಲೆ, ಧೂಳಿನ ಮೇಲೆ, ಪೀಠದ ಮೇಲೆ ಸುಮ್ಮನೆ ಕೂತಿದ್ದ ದೇವರ ಮೇಲೆ. ಏನೂ ಬೇಡುವುದಿಲ್ಲ, ಸುಮ್ಮನೆ ಮಂಡಿಯೂರಿರುತ್ತೇನೆ, ಬೇಕಾದ್ದು ಮಾಡಿಕೋ ಅಂದುಕೊಂಡೆ. ಜಪಸರದ ಒಂದು ಮಣಿಯನ್ನೂ ಉರುಳಿಸಲಿಲ್ಲ. ಹೊರಗೆ ನೀಲಗಿರಿ ಎಲೆ ಅಲ್ಲಾಡುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಒಳಗೆ ತಣ್ಣಗಾಯಿತು. ಬಿಸಿಲಲ್ಲಿ ನಡೆದು ಬಂದು ಮಣ್ಣಿನ ನೆಲದ ಮೇಲೆ ಮಲಗಿದರೆ ಬೆನ್ನಿಗೆ ಆಗುತ್ತದಲ್ಲ, ಹಾಗೆ. ಆ ಹೊತ್ತಿನಲ್ಲಿ ಯಾರೂ ನನ್ನಿಂದ ಏನೂ ಕೇಳುತ್ತಿರಲಿಲ್ಲ. ನಾನೂ ಯಾರಿಂದಲೂ ಕೇಳುತ್ತಿರಲಿಲ್ಲ. ಎಷ್ಟೋ ಕೂಟಗಳಿಗೆ ಹೋಗಿದ್ದೆ, ನಿದ್ದೆ ಮಾಡಿದ್ದೆ, ಹಗುರಾಗಿ ಬಂದಿದ್ದೆ. ಇದು ಅದಲ್ಲ. ಸ್ವಾಮಿಗಳು ಮೈಕಿನಲ್ಲಿ ಹೇಳುತ್ತಿದ್ದದ್ದು ಇದನ್ನೇ ಇರಬೇಕು ಅಂತ ನನಗೆ ಅನ್ನಿಸಿತು. ಯಾರೋ ಪಕ್ಕದಲ್ಲಿದ್ದಾರೆ ಅನ್ನಿಸಿತು. ಅಲ್ಲಿ ಭಾವನ ಉಸಿರು ಹೋಗುತ್ತಿದೆ, ಇಲ್ಲಿ ನನಗೆ ಸುಖವಾಗುತ್ತಿದೆ ಅನ್ನುವುದೂ ತಿಳಿಯುತ್ತಿತ್ತು. ತಿಳಿದೂ ಆ ತಂಪು ಹೋಗಲಿಲ್ಲ.

ಸಗಾಯಮ್ಮ ಬಂದಾಗ ಬಿಸಿಲು ಇಳಿದಿತ್ತು. ಕಾರ್ಖಾನೆಯ ಕೋಟಿನಲ್ಲೇ ಓಡಿ ಬಂದಿದ್ದಳು. ಅಳುತ್ತಿದ್ದಳು. "ನನ್ ರಿಲೀವರ್ ಬರ್ಲೇ ಇಲ್ಲ ಕಣಕ್ಕ. ಕಂಪನಿ ಬಸ್ಸು ಜಾಮಲ್ಲಿ ಸಿಕ್ಕಾಕೊಂಡಿತ್ತಂತೆ. ಮಿಷನ್ ಬಿಟ್ಟು ಎಂಗ್ ಏಳ್ಲಿ?" ಅಂದಳು. ಅವಳು ನನ್ನ ಹೆಗಲು ಮುಟ್ಟಿದಳು, ಹೇಳಬೇಕಾದ್ದು ಹೇಳಿದಳು, ನಾನು ಎದ್ದೆ.

ಆಚೆಗೆ ನಡೆದದ್ದನ್ನು ನನ್ನ ಯಜಮಾನರು ಹೇಳಿದರು, ಉಳಿದದ್ದನ್ನು ಎಷ್ಟೋ ದಿನದ ಮೇಲೆ ಅಕ್ಕ ಹೇಳಿದಳು. ಅಕ್ಕ ಆಟೋದಿಂದ ಅವರಿಗೆ ಫೋನು ಮಾಡಿದ್ದಳು. ಅವರು ಅದನ್ನು ಭಾವನ ಕಿವಿಗೆ ಹಿಡಿದರು. "ಬಂದೆ ಕಣ್ರೀ, ಎಲೆಕ್ಟ್ರಾನಿಕ್ ಸಿಟಿ ದಾಟ್ದೆ" ಅಂದಳಂತೆ. ಸ್ವಲ್ಪ ಹೊತ್ತಿಗೆ, "ಕೂಡ್ಲು ಗೇಟಿಗೆ ಬಂದೆ." ಅಲ್ಲಿ ಆಟೋ ನಿಂತುಬಿಟ್ಟಿತು. ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಅರ್ಧ ಎದ್ದ ಕಂಬ. ಇಳಿದು ಓಡಿದಳು. ಫೋನು ಕಿವಿಯಲ್ಲೇ ಇತ್ತು. ಭಾವ ಮಾತಾಡಲಾರರು, ಉಸಿರಾಡುವುದು ಮಾತ್ರ ಅವಳಿಗೆ ಕೇಳುತ್ತಿತ್ತು. ಲಾರಿಗಳ ಹಾರನ್ ನಡುವೆ ಆ ಉಸಿರು ಹಿಡಿದುಕೊಂಡು ಓಡುತ್ತಿದ್ದಳು. ಆಮೇಲೆ ಅದು ಕೇಳಲಿಲ್ಲ. ಹಾರನ್ನಿಗೆ ಕೇಳುತ್ತಿಲ್ಲ ಅಂದುಕೊಂಡು, "ಬಂದೆ, ಬಂದೆ, ಇರ್ರೀ" ಅಂತ ಹೇಳುತ್ತಲೇ ಇದ್ದಳು. ನನ್ನ ಯಜಮಾನರಿಗೆ ಭಾವನ ಕಿವಿಯಿಂದ ಫೋನು ತೆಗೆಯಲು ಕೈ ಬರಲಿಲ್ಲ.

ಭಾನುವಾರ ಊರ ಗುಡಿಯಲ್ಲಿ ಪೂಜೆ ಮುಗಿಸಿ ಮಣ್ಣು ಮಾಡಿದೆವು. ಸರಪಳಿ ಪ್ರಾರ್ಥನೆ ಭಾನುವಾರದವರೆಗೂ ಎಲ್ಲೂ ತುಂಡಾಗಲಿಲ್ಲವಂತೆ. ಸಿಸ್ಟರ್ ಬಂದು ಹಾಗೆ ಹೇಳಿದರು. ಸಮಾಧಾನಕ್ಕೆ ಹೇಳಿದ್ದು, ಪಾಪ. ಅಕ್ಕ ತಲೆಯಾಡಿಸಿದಳು.

ಪಾಸ್ಕದ, ಅಂದರೆ ಈಸ್ಟರಿನ, ಹಿಂದಿನ ದಿನ ಅವಳ ಮನೆಗೆ ಹೋದೆ. ಅಂಗಳದಲ್ಲಿ ಭಾವನ ಕೆಲಸದ ಅಂಗಿ ಒಗೆದು ಹರವಿದ್ದಳು. ಎಷ್ಟು ಒಗೆದರೂ ಬೂದು ಬಣ್ಣ ಬಿಟ್ಟಿರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತೆವು. ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಅವಳು ಅವತ್ತು ಆಡಿದಳು.

"ನಾನು ಹಿಡಿದಿರೋವರ್ಗೂ ಇದ್ರು ಜ್ಞಾನ. ನಿನ್ ಕೈಗೆ ಕೊಟ್ಟೆ, ಓದ್ರು."

ಬೈಗುಳ ಅಲ್ಲ ಅದು. ಶಿಫ್ಟಿನಲ್ಲಿ ಏನಾಯಿತು ಅಂತ ಹೇಳುವ ಹಾಗೆ ಹೇಳಿದಳು.

"ಏಳದೇ ಇದ್ದಿದ್ರೆ ಉಳೀತಿದ್ರೋ ಏನೋ. ಕರೆದ ಕೂಡ್ಲೇ ಎದ್ದಿದ್ರೆ ಪಕ್ಕದಾಗಾದ್ರೂ ಇರ್ತಿದ್ದೆ. ಎರಡೂ ಮಾಡ್ಲಿಲ್ಲ ನಾನು." ನನ್ನ ಕಡೆ ತಿರುಗಿ ಕೇಳಿದಳು: "ನೀನು ಅಲ್ಲಿ ಏನಂತ ಬೇಡ್ಕೊಂಡೆ?"

ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿದರೆ ಆಗಲಿಲ್ಲ. "ಏನೂ ಬೇಡ್ಕೊಳ್ಲಿಲ್ಲ ಅಕ್ಕ. ಸುಮ್ನೆ ಇದ್ದೆ. ತಣ್ಣಗಿತ್ತು. ಯಾರೋ ಪಕ್ಕದಲ್ಲಿದ್ದಂಗಿತ್ತು" ಅಂದೆ.

ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಬೀದಿ ನೋಡುತ್ತಾ ಕೂತಿದ್ದಳು.

"ನಿಂಗಾದ್ರೂ ಸಿಕ್ತಲ್ಲ" ಅಂದಳು.

ಆಮೇಲೆ ಎಷ್ಟೋ ತಪಸ್ಸುಕಾಲ ಬಂದವು. ನಾನು ಕೆಲವು ವರ್ಷ ಕೂಟಕ್ಕೆ ಹೋದೆ, ಅದೇ ಜಾಗದಲ್ಲಿ ಮಂಡಿಯೂರಿ ಕಾದೆ. ಮಂಡಿ ನೋಯುತ್ತಿತ್ತು, ಸೊಳ್ಳೆ ಕಡಿಯುತ್ತಿತ್ತು, ಮನೆಯ ಗ್ಯಾಸ್ ಮುಗಿದಿದೆ ಅಂತ ನೆನಪಾಗುತ್ತಿತ್ತು. ತಂಪು ಬರಲಿಲ್ಲ. ಕಾದು ಕಾದು ಬಿಟ್ಟೆ. ಮೇಲ್ಸೇತುವೆ ಮುಗಿಯಿತು, ಈಗ ಆ ದಾರಿಯಲ್ಲಿ ಗಾಡಿಗಳು ಭರ್ರನೆ ಹೋಗುತ್ತವೆ.

ಅಕ್ಕ ಕೂಟಕ್ಕೆ ಮತ್ತೆ ಹೋಗಲಿಲ್ಲ. ಹಾಗಂತ ಗುಡಿ ಬಿಟ್ಟವಳಲ್ಲ. ಪ್ರತಿ ಭಾನುವಾರ ಪೂಜೆಗೆ ಬರುತ್ತಾಳೆ, ನನ್ನ ಪಕ್ಕದಲ್ಲೇ ಕೂರುತ್ತಾಳೆ. ಗಂಟೆ ಬಾರಿಸಿ ಸ್ವಾಮಿಗಳು ಪರಮಪ್ರಸಾದ ಎತ್ತುವಾಗ ಇಡೀ ಊರು ಮಂಡಿಯೂರುತ್ತದೆ. ಅಕ್ಕ ಒಬ್ಬಳು ಬೆಂಚಿನ ಮೇಲೆ ನೆಟ್ಟಗೆ ಕೂತಿರುತ್ತಾಳೆ, ಎರಡು ಕೈ ಮಡಿಲಲ್ಲಿ ಬಿಚ್ಚಿ ಇಟ್ಟುಕೊಂಡು. ಪಾಪ, ಲೂರ್ದಮ್ಮನಿಗೆ ಮಂಡಿ ನೋವು ಅಂತ ಊರಿನವರು ಅಂದುಕೊಂಡಿದ್ದಾರೆ, ಒಬ್ಬರು ಎಣ್ಣೆಯನ್ನೂ ತಂದುಕೊಟ್ಟರು. ಅವಳ ಮಂಡಿಗೆ ಏನೂ ಆಗಿಲ್ಲ.